ಮೊಸಳೆಯ ಬೆನ್ನು

ಮೊಮ್ಮಗನ ಹುಟ್ಟುಹಬ್ಬಕ್ಕೆ ಪಂಚತಂತ್ರದ ಕೋತಿ-ಮೊಸಳೆಯನ್ನು ಜಲವರ್ಣದಲ್ಲಿ ನಾನೇ ಬರೆದುಕೊಡುತ್ತೇನೆಂದು ಮನೆಮಂದಿಯ ಮುಂದೆ ಘೋಷಿಸಿದೆ. ನನಗೆ ಚಿತ್ರ ಬರುತ್ತದೆಯೋ ಇಲ್ಲವೋ ಬೇರೆ ಮಾತು. ಘೋಷಣೆ ಮಾತ್ರ ಸೊಗಸಾಗಿತ್ತು.

ನೇರಳೆ ಮರ ಹೇಗೋ ಬಂತು. ಹೊಳೆಗೆ ನಾನು ಕಷ್ಟಪಡಲೇ ಇಲ್ಲ, ಲೋಟ ಉರುಳಿ ಅದೇ ಹರಿಯಿತು. ತೊಡಕಾದದ್ದು ಸವಾರಿ. ಆ ಮುಳ್ಳುಮುಳ್ಳು ಬೆನ್ನಿನ ಮೇಲೆ ಕೋತಿ ಕೂರುವುದಾದರೂ ಹೇಗೆ? ಎಂಟನೆಯ ಶತಮಾನದಲ್ಲಿ ಇಬ್ನ್ ಅಲ್ ಮುಕಫ್ಫಾ ಈ ಕಥೆಗಳನ್ನು ಅರಬ್ಬಿಗೆ ತಂದ ‘ಕಲೀಲ ವ ದಿಮ್ನ’ದಲ್ಲಿ ಮೊಸಳೆಯ ಜಾಗದಲ್ಲಿ ಆಮೆ ಇದೆ. ಪಂಡಿತರು ಏನೇ ಕಾರಣ ಕೊಡಲಿ, ಯಾರೋ ಬಡಪಾಯಿ ಚಿತ್ರಕಾರ ಗೋಗರೆದಿರಬೇಕು ಎಂದೇ ನನ್ನ ಗುಮಾನಿ. ಆಮೆಯಾದರೆ ಮಣೆ ಹಾಕಿದ ಹಾಗೆ!

ನಮ್ಮದು ಮೊಸಳೆಯೇ. ಕೊನೆಗೆ ನಾನೇ ವೆರಾಂಡಾದಲ್ಲಿ ಬೋರಲು ಮಲಗಿ, ಮೊಮ್ಮಗನನ್ನು ಬೆನ್ನಿಗೇರಿಸಿ, ಫೋಟೋ ತೆಗೆಯೆಂದು ಹೆಂಡತಿಗೆ ಫೋನ್ ಕೊಟ್ಟೆ. ಅವಳು ತೆಗೆದಳು. ಅಷ್ಟರಲ್ಲಿ ಕುಕ್ಕರ್ ಕೂಗಿತೆಂದು ಫೋನ್ ಸಮೇತ ಒಳಗೆ ಹೋದಳು. ಗೇಟಿನಲ್ಲಿ ಕೊರಿಯರ್ ಹುಡುಗ ನಿಂತಿದ್ದ.

“ಸಾರ್, ಒಟಿಪಿ.”

“ಇಳಿಯೋ ಮರಿ,” ಎಂದೆ.

“ನಡುನೀರಲ್ಲಿ ಹೇಗೆ ಇಳಿಯಲಿ ತಾತ? ಮುಳುಗಿಹೋಗ್ತೀನಿ.”

ಕಥೆ ಹೇಳಿಕೊಟ್ಟವನು ನಾನೇ, ವಾದ ಮಾಡುವಂತಿರಲಿಲ್ಲ. ತಲೆಯನ್ನಷ್ಟೇ ಎತ್ತಿ, “ಒಟಿಪಿ ಒಳಗೇ ಬಿಟ್ಟು ಬಂದಿದ್ದೀನಪ್ಪ, ಹೋಗಿ ತರಬೇಕು,” ಎಂದೆ. ಕೋತಿ ಹೇಳಬೇಕಾದ ಮಾತನ್ನು ಮೊಸಳೆ ಹೇಳಿತ್ತು. ಹುಡುಗ ನಂಬಲಿಲ್ಲ. ಅವನಿಗೆ ಇಂಥವು ದಿನಾ ಎಷ್ಟು ಸಿಗುತ್ತವೋ! ನಾನು ಮೊಣಕೈ ಊರಿ ಹೊಸ್ತಿಲ ಕಡೆ ತೆವಳತೊಡಗಿದೆ. ಮೇಲಿನಿಂದ “ದಡ ಆ ಕಡೆ ತಾತ, ಆ ಕಡೆ” ಎಂದು ಕಿವಿ ತಿರುವಿ ಅಪ್ಪಣೆ. ಎದುರು ಮನೆಯವರು ಹಾಲಿನ ಪ್ಯಾಕೆಟ್ ಹಿಡಿದು ನಿಂತು ನೋಡಿದರು. ಅವರು ಏನಾದರೂ ಕೇಳಿದ್ದರೆ ವಿವರಿಸಬಹುದಿತ್ತು, ಕೇಳಲಿಲ್ಲ. ಅದಕ್ಕೇ ನನಗೆ ಅವರನ್ನು ಕಂಡರಾಗದು.

ಪಾರ್ಸೆಲ್ಲಿನಲ್ಲಿದ್ದದ್ದು ನನ್ನದೇ ಕಾಗದ, 300 ಜಿಎಸ್‌ಎಂ. ಜಲವರ್ಣದಲ್ಲಿ ಬಿಳಿ ಬೇಕಾದಲ್ಲಿ ಕಾಗದವನ್ನೇ ಬಿಡಬೇಕು, ಹಾಗಾಗಿ ಮೊಸಳೆಯ ಬಾಯಿ ತುಂಬ ಖಾಲಿ ಕಾಗದ. ಚಿತ್ರ ಮುಗಿಯಿತು.

ಹೆಂಡತಿ ನೋಡಿ, “ಮೊಸಳೆಯ ಹೆಂಡತಿ ಎಲ್ಲಿ?” ಎಂದಳು.

ಸಂಸ್ಕೃತದ ನಾಲ್ಕನೆಯ ತಂತ್ರ ತೆಗೆದು ಓದಿದೆ. ಗಂಡ ಯಾವಳೋ ಹೆಣ್ಣುಕೋತಿಯ ಸಂಗ ಮಾಡಿದ್ದಾನೆಂದು ಅವಳಿಗೆ ಸಂಶಯ. ಅದಕ್ಕೇ ಆ ಎದೆಯ ಮೇಲೆ ಕಣ್ಣು. ಇತ್ತ ಇವನು ಕೋತಿಯ ಜೊತೆ ಮಾತಾಡುತ್ತ ಕೂತಿರುವಾಗಲೇ, ಊಟ ಬಿಟ್ಟು ಕೂತಿದ್ದ ಅವಳು ಸತ್ತ ಸುದ್ದಿ ಬರುತ್ತದೆ. ಮಕ್ಕಳ ಪುಸ್ತಕಗಳಲ್ಲಿ ಅವಳು ದುಷ್ಟೆ, ಅಷ್ಟೆ, ಸಾವನ್ನು ನುಂಗಿಬಿಡುತ್ತಾರೆ. ಸ್ನೇಹಿತನನ್ನು ಕೊಲ್ಲಲು ಬೆನ್ನಿನ ಮೇಲೆ ಹೊತ್ತು ಹೊರಟವನು ಮಾತ್ರ ಬರೀ ಪೆದ್ದ.

ಹೆಂಡತಿ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ, “ಕೋತಿ ಅಳಿಸಿ, ಅವಳನ್ನ ಬರೀರಿ,” ಎಂದಳು.

“ಜಲವರ್ಣ ಕಣೇ, ಅಳಿಸೋಕೆ ಬರಲ್ಲ.”

“ಹಾಗಾದ್ರೆ ಇನ್ನೊಂದು ಹಾಳೆ ತೆಗೀರಿ. ಕರಿಮಣಿ ಹಾಕೋದು ಮರೀಬೇಡಿ.”