ಪದರಾಚಾರ್ಯರು

ದೀಪಾವಳಿ ಕಳೆದು ಪುಣೆಯಲ್ಲಿ ಬೆಳಗಿನ ಚಳಿ ಶುರುವಾಯಿತೆಂದರೆ ಕೋಥ್ರೂಡ್, ಬಾಣೇರ್ ಕಡೆಯ ಹೌಸಿಂಗ್ ಸೊಸೈಟಿಗೊಬ್ಬರಂತೆ ಪದರಾಚಾರ್ಯರು ಉದ್ಭವಿಸುತ್ತಾರೆ. ಊರು ಧಾರವಾಡವೋ ಬೆಳಗಾವಿಯೋ, ನೌಕರಿ ಹಿಂಜವಡಿಯ ಐಟಿ ಕಂಪನಿಯಲ್ಲಿ, ವಯಸ್ಸು ನಲವತ್ತೈದರ ಆಚೀಚೆ. ಡಾಕ್ಟರು ಒಮ್ಮೆ ‘ಸ್ವಲ್ಪ ನಡೀರಿ’ ಅಂದಿದ್ದರು, ಅಷ್ಟೇ. ನಡೆಯುವ ಮೊದಲು ಏನು ತೊಟ್ಟು ನಡೆಯಬೇಕು ಎಂಬುದನ್ನು ಅವರು ಒಂದು ಮಳೆಗಾಲ ಪೂರ್ತಿ ಕೂತು ಅಭ್ಯಾಸ ಮಾಡಿದರು.

ಅವರದು ಮೂರು ಪದರಗಳ ಸಿದ್ಧಾಂತ. ಮೈಗೆ ತಾಗುವ ಒಳಪದರ ಮೆರಿನೊ ಉಣ್ಣೆಯದೋ ಪಾಲಿಯೆಸ್ಟರಿನದೋ ಆಗಿ, ಬೆವರನ್ನು ಹೊರಗೆ ದಾಟಿಸಬೇಕು. ನಡುವಿನ ಫ್ಲೀಸ್ ಬಿಸಿ ಗಾಳಿಯನ್ನು ಹಿಡಿದಿಡಬೇಕು. ಹೊರಗಿನದು ಗಾಳಿ ತಡೆಯಬೇಕು, ಒಳಗಿನ ಆವಿಯನ್ನು ಮಾತ್ರ ಬಿಡಬೇಕು. ಹತ್ತಿಗೆ ಈ ಮಠದಲ್ಲಿ ಪ್ರವೇಶವಿಲ್ಲ.

‘ಗುಡ್ಡ ಏರೋವಾಗ ನಮ್ಮ ಸ್ನಾಯು ಖರ್ಚು ಮಾಡೋ ಶಕ್ತಿಯೊಳಗ ಮುಕ್ಕಾಲು ಪಾಲು ಬರೇ ಶಾಖ ಆಗಿ ಹೋಗ್ತದ್ರಿ. ಅದಕ್ಕ ಚಳಿಗಾಲದಾಗ ಅಂಜಬೇಕಾದ್ದು ಬೆವರಿಗೆ. ನೀರು ಗಾಳಿಗಿಂತ 25 ಪಟ್ಟು ಜೋರಾಗಿ ಮೈಯ ಬಿಸಿ ಎಳ್ಕೊಂಡು ಹೋಗ್ತದ. ನಿಮ್ಮ ಹತ್ತಿ ಬನಿಯನ್ನು ಬೆವರು ಕುಡೀತದ, ಕುಡಿದು ಅಲ್ಲೇ ಕೂತು ಬಿಡ್ತದ!’

ಇದನ್ನು ಅವರು ಹೇಳುವುದು ಲಿಫ್ಟಿನಲ್ಲಿ. ನೀವು ಹೋಗಬೇಕಾದದ್ದು ಎರಡನೇ ಮಹಡಿಗೆ, ಇಳಿಯುವುದು ಅವರ ಜೊತೆ ಒಂಬತ್ತನೆಯದರಲ್ಲಿ. ಅಲ್ಲಿ ಇಳಕಲ್ ಸೀರೆ ಅಂಗಡಿಯವರು ಸೆರಗು ಬಿಚ್ಚಿ ತೋರಿಸುವ ಹಾಗೆ ಜಾಕೆಟ್ಟಿನ ಅಸ್ತರು ತಿರುವಿ ತೋರಿಸುತ್ತಾರೆ. 1969ರಲ್ಲಿ ಬಾಬ್ ಗೋರ್ ಎಂಬ ಅಮೆರಿಕದವನು ಕಾದ ಟೆಫ್ಲಾನ್ ಸರಳನ್ನು ಜಗ್ಗನೆ ಎಳೆದದ್ದರಿಂದ ಗೋರ್‌ಟೆಕ್ಸ್ ಹುಟ್ಟಿದ ಕಥೆ ಬರುತ್ತದೆ. ಅದರ ರಂಧ್ರಗಳಲ್ಲಿ ಹನಿ ತೂರದು, ಆವಿ ತೂರುತ್ತದೆ. ಅಷ್ಟರಲ್ಲಿ ಅಡಿಗೆಮನೆಯಿಂದ ಅವರ ಮನೆಯವರ ದನಿ: ‘ಬೆವರಿಗೆ ಇಷ್ಟು ಹಾದಿ ಮಾಡಿಕೊಟ್ಟೀರಿ, ಬಾಯಿಗೊಂದು ಝಿಪ್ ಹಚ್ಚಿಸ್ಕೋರಿ.’

ಅವರ ಕಪಾಟಿನ ಕಿರೀಟಪ್ರಾಯ ವಸ್ತು ಒಂದು ಬೇಟೆ ಜಾಕೆಟ್. ನಮ್ಮ ದೇಶದಲ್ಲಿ 1972ರ ವನ್ಯಜೀವಿ ಕಾಯ್ದೆ ಬಂದ ಮೇಲೆ ಬೇಟೆಯ ಮಾತೇ ಎತ್ತುವಂತಿಲ್ಲ. ಆಚಾರ್ಯರ ಬೇಟೆಯೆಲ್ಲ ಡಿಸ್ಕೌಂಟ್ ಸೇಲುಗಳಲ್ಲಿ. ಆದರೂ ಆ ಜಾಕೆಟ್ಟಿನ ಬಟ್ಟೆ ತಿಕ್ಕಿದರೂ ಸರಪರ ಅನ್ನುವುದಿಲ್ಲವಂತೆ, ಜಿಂಕೆಗೆ ಸುಳಿವೇ ಸಿಗದಂತೆ. ಸದ್ದು ಮಾಡದ ಜಾಕೆಟ್, ಸದ್ದು ನಿಲ್ಲಿಸದ ಆಚಾರ್ಯರು.

ಇನ್ನು ಪ್ರಯೋಗ. ಭಾನುವಾರ ನಸುಕಿನ ಐದಕ್ಕೆ ಸಿಂಹಗಡದ ಬುಡ, ಅತಕರವಾಡಿ. ಪುಣೆ ಊರಿನ ಎತ್ತರ ಸುಮಾರು 560 ಮೀಟರ್, ಗಡದ್ದು 1,300 ಚಿಲ್ಲರೆ. ಮೇಲೆ ಎಷ್ಟು ಡಿಗ್ರಿ ಇಳಿಯುತ್ತದೆಂಬ ಲೆಕ್ಕ ಹಿಂದಿನ ರಾತ್ರಿಯೇ ಗ್ರೂಪಿಗೆ ಬಂದಿರುತ್ತದೆ. 1935ರ ಜನವರಿಯಲ್ಲಿ ಪುಣೆಯ ಉಷ್ಣತೆ 1.7 ಡಿಗ್ರಿಗೆ ಇಳಿದದ್ದನ್ನೂ ಎಚ್ಚರಿಕೆಗೆಂದು ಸೇರಿಸಿರುತ್ತಾರೆ. ಇತ್ತ ದಿನವೂ ಗಡ ಹತ್ತುವ ಪುಣೇರಿ ಅಜ್ಜನೊಬ್ಬ ಅರ್ಧ ಚಡ್ಡಿ, ಕ್ಯಾನ್ವಾಸ್ ಬೂಟಿನಲ್ಲಿ ಬಿರಬಿರನೆ ಬಂದು, ಇವರನ್ನು ಮೇಲಿಂದ ಕೆಳಗೆ ನೋಡಿ, ‘ಕಾಯ್ ರಾವ್, ಎವರೆಸ್ಟಲಾ ಕಾ?’ ಅಂದು ಮಾಯವಾಗುತ್ತಾನೆ.

ಏರುವುದೆಂದರೆ ಏರುವುದಲ್ಲ. ಹತ್ತು ಹೆಜ್ಜೆಗೊಮ್ಮೆ ‘ವೆಂಟಿಲೇಶನ್!’ ಕಂಕುಳ ಝಿಪ್ ಬಿಚ್ಚಬೇಕು; ಫ್ಲೀಸ್ ಕಳಚಿ, ಮಡಚಿ, ಚೀಲಕ್ಕೆ ಹಾಕಬೇಕು; ಬಯಲಿಗೆ ಬಂದು ಗಾಳಿ ಬೀಸಿತೋ, ಮತ್ತೆ ತೆಗೆಯಬೇಕು. ಹೊರಡುವಾಗ ತುಸು ಚಳಿಯೆನಿಸಿದರೇ ಸರಿಯಾಗಿ ಉಟ್ಟಂತೆ ಎಂಬುದು ಅವರದೇ ಸೂತ್ರ. ಆದರೆ ಹೊಸ ಫ್ಲೀಸನ್ನು ಚೀಲದಲ್ಲಿ ಅಡಗಿಸಿಟ್ಟು ಹೊರಡಲು ಯಾರಿಗೆ ಮನಸ್ಸು ಬಂದೀತು? ನಾವು ಅರ್ಧ ದಾರಿಯಲ್ಲಿ ನಿಂಬೂ ಸರಬತ್ತು ಕುಡಿದು ಮುಗಿಸಿದರೂ ಅವರು ಇನ್ನೂ ಕೆಳಗಿನ ತಿರುವಿನಲ್ಲಿ ವಸ್ತ್ರಾಂತರದಲ್ಲಿರುತ್ತಾರೆ.

ನಗುವ ಸರದಿ ನಮ್ಮದು, ಗಡದ ಬಾಗಿಲು ದಾಟುವವರೆಗೆ. ಮೇಲೆ ಕಾಂದಾಭಜಿಗೆ ಹೇಳಿ ಕಟ್ಟೆಯ ಮೇಲೆ ಕೂತೆವೋ, ಬಯಲುಗಾಳಿ ಬೀಸಿತು. ಹತ್ತಿ ಟೀಶರ್ಟೆಲ್ಲ ಬೆವರಿಗೆ ತೊಯ್ದು ಬೆನ್ನಿಗೆ ಅಂಟಿದೆ. ಹಲ್ಲು ಕಟಕಟ. ಆಗ ಆಚಾರ್ಯರ ಆಗಮನ. ಒಳಪದರ ಆಗಲೇ ಒಣಗುತ್ತಿದೆ, ಮುಖದಲ್ಲಿ ಪರಮಶಾಂತಿ. ಒಂದು ಮಾತಾಡದೆ ಚೀಲ ಬಿಚ್ಚುತ್ತಾರೆ. ಒಬ್ಬರಿಗೆ ಫ್ಲೀಸು, ಇನ್ನೊಬ್ಬರಿಗೆ ವಿಂಡ್‌ಚೀಟರು, ತೀರ ನಡುಗುವವರಿಗೆ ಬೇಟೆ ಜಾಕೆಟ್ಟು. ದಾನದ ಜೊತೆ ದಕ್ಷಿಣೆಯಾಗಿ ಉಪದೇಶವನ್ನು ನಾವೇ ಸ್ವೀಕರಿಸಬೇಕು: ‘ಬಿಸಿನೀರಿನಾಗ ಒಗೀಬ್ಯಾಡ್ರಿ. ಕಂಡಿಶನರ್ ಅಂತೂ ಮುಟ್ಟಸಬ್ಯಾಡ್ರಿ, ಬೆವರು ದಾಟಸೋ ಗುಣಾ ಹೋಗ್ತದ.’ ಪಿಠ್ಲ-ಭಾಕರಿ ಆರುತ್ತಿದ್ದರೂ ಯಾರೂ ಎದುರಾಡುವುದಿಲ್ಲ. ಅವರ ಅಂಗಿಯೊಳಗೆ ಕೂತು ಅವರ ಜೊತೆ ವಾದ ಮಾಡುವುದು ಹೇಗೆ?

ಪುಣೆಯ ಚಳಿಗೆ ಆಯುಸ್ಸು ಕಡಿಮೆ. ಹತ್ತು ಗಂಟೆಗೆ ಬಿಸಿಲು ಸುರ್ರೆನ್ನುತ್ತದೆ, ಕೊಟ್ಟದ್ದೆಲ್ಲ ಅವರ ಚೀಲಕ್ಕೇ ಮರಳುತ್ತದೆ. ಆ ಗಂಟು ಹೊತ್ತು ಇಳಿಯುವಾಗಲೂ ಅವರದು ವಿಜಯಯಾತ್ರೆ. ಗಂಟಿನಲ್ಲಿ ಒಂದು ಫ್ಲೀಸು ಕಡಿಮೆ ಇತ್ತು, ಅವರು ಕೇಳಲಿಲ್ಲ.

ಮಂಗಳವಾರ ರಾತ್ರಿ ಗ್ರೂಪಿನಲ್ಲಿ ಮೂರನೇ ಮಹಡಿಯವರ ಸಂದೇಶ: ‘ಸರ್, ನಿಮ್ಮ ಫ್ಲೀಸ್ ತಣ್ಣೀರಿನಾಗ ಒಗದು ಇಟ್ಟೀನಿ. ಅಂದಂಗ, ಇದರ ಒಳಗ ಹಾಕ್ಕೊಳ್ಳಾಕ ಯಾವುದು ತಗೊಂಡ್ರ ಛಲೋರಿ?’

ಉತ್ತರವಾಗಿ ಬಂದ ಧ್ವನಿಸಂದೇಶದ ಉದ್ದ ಹನ್ನೊಂದು ನಿಮಿಷ. ಕೆಳಗೆ ಬರೆದಿತ್ತು: ‘ಭಾಗ ಒಂದು.’