ಬಿ12 ಭಾವನವರು

ಹಿಂದೆ ವಂಶಕ್ಕೊಬ್ಬರು ಜಾತಕ ನೋಡುವವರಿದ್ದರು. ಈಗ ಆ ಪಟ್ಟ ಬ್ಲಡ್ ರಿಪೋರ್ಟ್ ನೋಡುವವರದು. ನಮ್ಮಲ್ಲಿ ಅದು ಅಕ್ಕನ ಯಜಮಾನರಿಗೆ ಸಂದಿದೆ. ಬ್ಯಾಂಕಿನಿಂದ ನಿವೃತ್ತರಾದ ಮೇಲೆ ಅವರ ಕಂಕುಳಲ್ಲಿ ಲ್ಯಾಬಿನ ಫೈಲು. "ಚೆನ್ನಾಗಿದ್ದೀಯೇನಯ್ಯ?" ಎಂಬ ಮಾತಿಲ್ಲ, "ನಿನ್ನ ಬಿ12 ಎಷ್ಟು?" "ಗೊತ್ತಿಲ್ಲ ಭಾವ" ಅಂದರೆ ಸಾಲದ ಕಂತು ತಪ್ಪಿಸಿದವನನ್ನು ನೋಡುವ ಹಾಗೆ ನೋಡುತ್ತಾರೆ. ನಾಲಿಗೆ ಚಾಚಿಸುತ್ತಾರೆ. ಬಿ ಕಾಂಪ್ಲೆಕ್ಸ್ ನುಂಗಿ ಮೂತ್ರ ಹಳದಿಯಾಯಿತೆಂದು ಹೆದರಿದವರಿಗೆ ಅದು ಬಿ2 ಮಹಿಮೆ ಎಂದು ಬೀದಿಯಲ್ಲೇ ಅಭಯ ನೀಡುತ್ತಾರೆ.

ಇಷ್ಟೂ ಸಹ್ಯ. ಊಟದ ವಿಚಾರಣೆ ಮಾತ್ರ ಅಸಹ್ಯ. ಮೈಸೂರಿನಲ್ಲಿ ಚಿಕ್ಕಪ್ಪನ ಮಗನ ಮದುವೆ. ಪಂಕ್ತಿಯಲ್ಲಿ ಅವರ ಪಕ್ಕದ ಎಲೆಯೇ ನನಗೆ ಸಿಗಬೇಕೆ? ಎಲೆಯ ತುದಿಗೆ ಉಪ್ಪು, ಕೋಸಂಬರಿ ಬೀಳುವಷ್ಟರಲ್ಲಿ ಶುರುವಾಯಿತು.

"ನಿನ್ನೆ ಎದ್ದಾಗಿನಿಂದ ಏನೇನು ತಿಂದೆ, ಒಂದೊಂದಾಗಿ ಹೇಳು."

"ಕಾಫಿ, ಇಡ್ಲಿ..."

"ಹಿಟ್ಟು ಹುಳಿ ಬಂದ ಮಾತ್ರಕ್ಕೆ ಬಿ12 ಬಂತು ಅಂತ ನಂಬಬೇಡ. ಮುಂದೆ?"

"ಸೊಪ್ಪಿನ ಹುಳಿ," ಎಂದೆ, ಸ್ವಲ್ಪ ಜಂಬದಿಂದಲೇ.

"ಅದರಲ್ಲಿರೋದು ಫೋಲೇಟು, ಅಂದ್ರೆ ಬಿ9. ಬಿ12 ಬೇಕಾದ್ರೆ ಹಾಲು, ಮೊಸರು, ಮೊಟ್ಟೆ, ಮೀನು, ಮಾಂಸ. ಬರೀ ಫೋಲಿಕ್ ಆಸಿಡ್ ಮಾತ್ರೆ ನುಂಗ್ತಾ ಇದ್ರೆ ರಕ್ತ ಸರಿಹೋದ ಹಾಗೆ ಕಾಣುತ್ತೆ, ನರ ಒಳಗೊಳಗೇ ಕೆಡುತ್ತೆ."

ಅಷ್ಟರಲ್ಲಿ ಹೋಳಿಗೆ ಬಂತು. ಬಡಿಸುವ ಹುಡುಗನನ್ನೂ ಬಿಡಲಿಲ್ಲ: "ಏನಪ್ಪ, ಮೊಟ್ಟೆ ತಿಂತೀಯಾ?" ಮಡಿ ಉಟ್ಟ ಅಡುಗೆಭಟ್ಟರು ಅಲ್ಲೇ ನಿಂತಿದ್ದರು. ಹುಡುಗ ಬೆವತು ಎರಡು ಎಲೆ ಹಾರಿ ಮುಂದಕ್ಕೆ ಹೋದ. ಅದರಲ್ಲಿ ಒಂದು ನನ್ನದು. ಭಾವನವರಿಗೆ ಸಕ್ಕರೆ ಕಾಯಿಲೆ, ಹೋಳಿಗೆ ಹೇಗೂ ಬೇಡ.

ಸಿಟ್ಟಿಗೆ ರಕ್ತ ಕೊಟ್ಟುಬಂದೆ. 240 ಪಿಕೋಗ್ರಾಂ. 200ಕ್ಕಿಂತ ಕೆಳಗಿದ್ದರೆ ಕೊರತೆ ಎನ್ನುವುದು ರೂಢಿ, 300ರವರೆಗೆ ಅನುಮಾನದ ಸೀಮೆ. ಭಾವನವರ ಮುಖ ಅರಳಿತು. ಅನುಮಾನವಿದ್ದಾಗ ಹೋಮೋಸಿಸ್ಟೀನ್, ಮೀಥೈಲ್ ಮಲೋನಿಕ್ ಆಸಿಡ್ ನೋಡಬೇಕಂತೆ. ಮೊದಲನೆಯದು ಫೋಲೇಟ್ ಕೊರತೆಗೂ ಏರುತ್ತದೆ, ಎರಡನೆಯದು ಬಿ12 ಕಡೆಗೇ ಹೆಚ್ಚು ಬೆರಳು ತೋರುತ್ತದೆ, ಕಿಡ್ನಿ ಸೋತಿದ್ದರೆ ಎರಡೂ ಏರಬಹುದು. ಕೇಳುತ್ತ ಕೇಳುತ್ತ ನನಗೇ ಜೋಮು ಹಿಡಿಯಿತು. ಆದರೂ ಅಂಕಿಯೊಂದನ್ನೇ ನಂಬದೆ ಊಟ, ವಯಸ್ಸು, ನುಂಗುವ ಮಾತ್ರೆ ಎಲ್ಲವನ್ನೂ ಜೊತೆಗಿಟ್ಟು ನೋಡುವ ಅವರ ಲೆಕ್ಕ ತಪ್ಪಲ್ಲ. ಯಕೃತ್ತಿನಲ್ಲಿ ವರ್ಷಗಟ್ಟಲೆಯ ದಾಸ್ತಾನು ಇರುವುದರಿಂದ ಕೊರತೆ ಸದ್ದಿಲ್ಲದೆ ಬರುತ್ತದೆ.

ಈ ಹುಚ್ಚು ಹತ್ತಿದ್ದು ಹೇಗೆಂದು ಹೇಳಿದವಳು ಅಕ್ಕ. ಭಾವನವರ ಅಣ್ಣ ಸಕ್ಕರೆ ಕಾಯಿಲೆಗೆ ಹಲವು ವರ್ಷ ಮೆಟ್‌ಫಾರ್ಮಿನ್ ತೆಗೆದುಕೊಂಡವರು. ಆ ಮಾತ್ರೆ ಬಿ12 ಹೀರಿಕೆಯನ್ನು ತಗ್ಗಿಸಬಲ್ಲದು. ಪಾದ ಜೋಮು ಎಂದರು, ನಡೆಯುವಾಗ ತೂರಾಡಿದರು. ವಯಸ್ಸಾಯಿತು ಬಿಡಿ ಎಂದರು ಮನೆಯವರೆಲ್ಲ. ಪರೀಕ್ಷೆ ಮಾಡಿಸಿದ್ದು ತಡವಾಗಿ. ಇಂಜೆಕ್ಷನ್ ಕೊಟ್ಟ ಮೇಲೆ ರಕ್ತ ಸರಿಹೋಯಿತು, ಕಾಲು ಸರಿಹೋಗಲಿಲ್ಲ.

ಆದ್ದರಿಂದ ಓದುಗರಲ್ಲಿ ಒಂದೇ ವಿನಂತಿ. ಸುಸ್ತೆಂದು ಮೊದಲು ಆ ಕೆಂಪು ಇಂಜೆಕ್ಷನ್ ಚುಚ್ಚಿಸಿಕೊಂಡು ಆಮೇಲೆ ಲ್ಯಾಬಿಗೆ ಹೋಗಬೇಡಿ. ಅಂಕಿ ಏರಿರುತ್ತದೆ, ಮೊದಲು ಕೊರತೆ ಇತ್ತೋ ಇಲ್ಲವೋ ತಿಳಿಯುವುದಿಲ್ಲ. ನಿಮ್ಮಲ್ಲೂ ಇಂಥ ಭಾವನವರಿದ್ದರೆ ರಿಪೋರ್ಟ್ ಧಾರಾಳವಾಗಿ ತೋರಿಸಿ. ಊಟಕ್ಕೆ ಮಾತ್ರ ಬೇರೆ ಪಂಕ್ತಿಯಲ್ಲಿ ಕೂರಿ.