ದಾಸ್ತಾನು ವಹಿಯವರಿಗೊಂದು ಬಹಿರಂಗ ಪತ್ರ

ಇಂದ: ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣ ತಾಲ್ಲೂಕುಗಳ ಮೇಷ್ಟ್ರು-ಮೇಡಂಗಳ ಸೊಂಟ, ಕತ್ತು, ಭುಜ, ಮಂಡಿಗಳ ಪರವಾಗಿ ಒಬ್ಬ ಸಹಶಿಕ್ಷಕಿ.

ಗೆ: ಶ್ರೀ ದಾಸ್ತಾನು ವಹಿಯವರು, ಬೀರುವಿನ ಮೇಲಿನ ಅರೆ, ಮುಖ್ಯಶಿಕ್ಷಕರ ಕೊಠಡಿ.

ವಿಷಯ: ಶಿಕ್ಷಕರ ಸೊಂಟವನ್ನು ಶಾಲೆಯ ಸಾಮಾನು ಎಂದು ದಾಖಲು ಮಾಡಿಕೊಳ್ಳುವ ಬಗ್ಗೆ.

ಮಾನ್ಯರೇ,

ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ ತಮ್ಮಲ್ಲಿ ಅರಿಕೆ ಮಾಡಿಕೊಳ್ಳುವುದೇನೆಂದರೆ, ಶಾಲೆಯಲ್ಲಿ ತಮಗೆ ಗೊತ್ತಿಲ್ಲದ ವಸ್ತುವಿಲ್ಲ. ಡೆಸ್ಕು ಎಷ್ಟು, ಗ್ಲೋಬು ಎಷ್ಟು, ಅಡುಗೆಮನೆಯ ಕುಕ್ಕರು ಯಾವ ವರ್ಷ ಬಂತು, ಎಲ್ಲಕ್ಕೂ ತಮ್ಮಲ್ಲಿ ಒಂದೊಂದು ಸಾಲುಂಟು. ಹೆಡ್‌ಮಾಸ್ಟರು ಬದಲಾದಾಗ ಹೊಸಬರು ಚಾರ್ಜು ತೆಗೆದುಕೊಳ್ಳುವುದು ಮಕ್ಕಳನ್ನು ಎಣಿಸಿ ಅಲ್ಲ, ತಮ್ಮ ಪುಟ ತಿರುವಿ. ಬೆಂಚಿನ ಕಾಲು ಮುರಿದರೆ 'ದುರಸ್ತಿಗೆ ಬಂದಿದೆ' ಎಂದು ಬರೆದುಕೊಳ್ಳುತ್ತೀರಿ. ರಿಪೇರಿಯಾಗದಿದ್ದರೆ ಶಾಲಾಭಿವೃದ್ಧಿ ಸಮಿತಿಯ (ಎಸ್‌ಡಿಎಂಸಿ) ಸಭೆಯಲ್ಲಿ ಠರಾವು ಮಾಡಿಸಿ, ಹರಾಜು ಹಾಕಿಸಿ, ಮರ್ಯಾದೆಯಿಂದ ಕಳಿಸಿಕೊಡುತ್ತೀರಿ. ಅಂಥ ತಾವು, ಬೆಳಗಿನ ಪ್ರಾರ್ಥನೆಯಿಂದ ಸಂಜೆಯ ಗಂಟೆಯವರೆಗೆ ಶಾಲೆಯಲ್ಲಿ ಎಲ್ಲಕ್ಕಿಂತ ಹೆಚ್ಚು ಬಳಕೆಯಾಗುವ ಸಾಮಾನೊಂದನ್ನು ಇಷ್ಟು ವರ್ಷ ಕಣ್ಣೆತ್ತಿಯೂ ನೋಡಿಲ್ಲ. ಅದು ನಮ್ಮ ಸೊಂಟ.

ತಮ್ಮ ಕಾಲಂಗಳಿಗೆ ತೊಂದರೆಯಾಗದಂತೆ ವಿವರ ಒದಗಿಸುತ್ತೇನೆ. ವಸ್ತುವಿನ ಹೆಸರು: ಸೊಂಟ, ಬಿಡಿಭಾಗಗಳಾಗಿ ಒಂದು ಕತ್ತು, ಎರಡು ಭುಜ, ಎರಡು ಮಂಡಿ. ಬಂದ ದಿನಾಂಕ: ಕೆಲಸಕ್ಕೆ ಹಾಜರಾದ ದಿನ. ಬಂದಾಗಿನ ಸ್ಥಿತಿ: ಚೆನ್ನಾಗಿತ್ತು. ಈಗಿನ ಸ್ಥಿತಿ: ಬಗ್ಗಿದರೆ ಏಳುವುದಿಲ್ಲ, ಎದ್ದರೆ ಬಗ್ಗುವುದಿಲ್ಲ. ಬಾಳಿಕೆ: ಅರವತ್ತು ವರ್ಷ ಎಂದು ಸರ್ಕಾರ ನಿಗದಿ ಮಾಡಿದೆ, ವಸ್ತುವಿನ ಅಭಿಪ್ರಾಯ ಕೇಳಿಲ್ಲ.

'ಅಜಾಗರೂಕ ಬಳಕೆಯಿಂದ ಹಾಳಾಗಿದೆ' ಎಂದು ತಾವು ಷರಾ ಬರೆದುಬಿಡುವ ಮೊದಲು ಬಳಕೆ ಹೇಗಿತ್ತು ಎಂಬುದನ್ನು ಕೇಳಿಸಿಕೊಳ್ಳಬೇಕು.

ಮೊದಲನೆಯದು ನಿಲ್ಲುವುದು. ನಮ್ಮ ಜಿಲ್ಲೆಗೆ ಅದು ಹೊಸದಲ್ಲ. ಚನ್ನರಾಯಪಟ್ಟಣ ತಾಲ್ಲೂಕಿನ ಶ್ರವಣಬೆಳಗೊಳದಲ್ಲಿ ಗೊಮ್ಮಟಸ್ವಾಮಿ 981ರ ಆಸುಪಾಸಿನಿಂದ ಒಂದೇ ಸಮನೆ ನಿಂತಿದ್ದಾನೆ, ಒಂದು ದಿನವೂ ರಜೆ ಕೇಳಿಲ್ಲ. ನಮ್ಮಿಂದಲೂ ಮೇಲಿನವರ ನಿರೀಕ್ಷೆ ಅಷ್ಟೇ ಇದ್ದಂತಿದೆ. ಆದರೆ ಒಂದು ಗಮನಿಸಬೇಕು: ಸುಮಾರು 58 ಅಡಿಯ ಆ ಮೂರ್ತಿಗೂ ಶಿಲ್ಪಿಗಳು ತೊಡೆಯವರೆಗೆ ಬಂಡೆಯ ಆಸರೆ ಬಿಟ್ಟಿದ್ದಾರೆ. ಕಲ್ಲೇ ಆದರೂ ಒರಗಲು ಏನಾದರೂ ಬೇಕು ಎಂಬುದು ಅದನ್ನು ಮಾಡಿಸಿದ ಚಾವುಂಡರಾಯನ ಕಾಲದವರಿಗೆ ತಿಳಿದಿತ್ತು. ಹನ್ನೆರಡು ವರ್ಷಕ್ಕೊಮ್ಮೆ ಹಾಲು, ಅರಿಶಿನ, ಗಂಧದ ಅಭಿಷೇಕವೂ ಉಂಟು, 2018ರಲ್ಲಿ ಆಯಿತು. ನಮಗೆ ದಿನಾ ರಾತ್ರಿ ನೋವಿನೆಣ್ಣೆಯ ಅಭಿಷೇಕ, ಸ್ವಂತ ಖರ್ಚಿನಲ್ಲಿ.

ನಡೆದಾಡುವುದು ಬೇರೆ, ನಿಂತೇ ಇರುವುದು ಬೇರೆ. ನಡೆದಾಗ ಮೀನಖಂಡ ಹಿಂಡಿ ಹಿಂಡಿ ಕಾಲಿನ ರಕ್ತವನ್ನು ಮೇಲಕ್ಕೆ ನೂಕುತ್ತದೆ. ಒಂದೇ ಕಡೆ ನಿಂತರೆ ರಕ್ತವೂ ಅಲ್ಲೇ ನಿಲ್ಲುತ್ತದೆ. ಕಾಲು ಊದುತ್ತದೆ, ನರ ಉಬ್ಬುತ್ತದೆ, ಸೊಂಟದಿಂದ ಮೇಲಿನ ಮೈಭಾರ ಬೆನ್ನಿನ ಕೆಳಭಾಗದ ಡಿಸ್ಕುಗಳ ಮೇಲೆ ಬೀಳುತ್ತದೆ. ಹಾಗಾದರೆ ಕೂರಬಹುದಲ್ಲ ಎನ್ನುತ್ತೀರಿ. ತರಗತಿಯ ಕುರ್ಚಿ ತಮ್ಮ ಪುಟದಲ್ಲಿ ಉಂಟು. ಆದರೆ ಅದಿರುವುದು ಎಣಿಸಲು, ಕೂರಲು ಅಲ್ಲ. ಕೂತ ಗಳಿಗೆಯಲ್ಲೇ ಶಾಲಾ ಭೇಟಿಗೆ ಬಂದ ಅಧಿಕಾರಿಗಳು ಬಾಗಿಲಲ್ಲಿ ಕಾಣಿಸಿಕೊಂಡರೆ 'ಕುಳಿತು ಪಾಠ ಮಾಡುತ್ತಿದ್ದರು' ಎಂಬ ಮಾತು ಭೇಟಿ ಪುಸ್ತಕದಲ್ಲಿ ಶಾಶ್ವತವಾಗುತ್ತದೆ. ಅದನ್ನು ಬರೆಯಲು ಅವರಿಗೆ ಕುರ್ಚಿ ಹಾಕಿಕೊಡುವವರೂ ನಾವೇ. ಕೆಲವು ಖಾಸಗಿ ಶಾಲೆಗಳು ಇನ್ನೂ ಜಾಣ. ತರಗತಿಯಿಂದ ಕುರ್ಚಿಯನ್ನೇ ಎತ್ತಿಸಿ, ಮೂಲೆಯಲ್ಲೊಂದು ಕ್ಯಾಮೆರಾ ಕೂರಿಸಿವೆ. ಅಲ್ಲಿ ಕೂರುವ ಭಾಗ್ಯ ಅದೊಂದಕ್ಕೇ.

ಇನ್ನು ಬೋರ್ಡು. ಗೋಡೆಗೆ ಹೊಡೆಸುವಾಗ ಅದು ಯಾರ ಎತ್ತರಕ್ಕೆ ಎಂದು ಯಾರೂ ಕೇಳಲಿಲ್ಲ. ಹಿಂದಿನ ಬೆಂಚಿನ ಹುಡುಗನಿಗೆ ಕಾಣಬೇಕಾದರೆ ಮೇಲಿಂದಲೇ ಶುರು ಮಾಡಬೇಕು; ಐದಡಿಯ ಮೇಡಂ ತುದಿಗಾಲಲ್ಲಿ ನಿಂತು, ತೋಳು ಕಿವಿಗೆ ತಾಗುವಂತೆ ಎತ್ತಿ ಬರೆಯಬೇಕು. ಕೈ ಭುಜಕ್ಕಿಂತ ಮೇಲೆ ಹೋದಾಗ ಒಳಗಿನ ಸ್ನಾಯುರಜ್ಜು ಮೇಲಿನ ಮೂಳೆಗೆ ಉಜ್ಜಬಹುದು. ಒಂದು ದಿನ ಉಜ್ಜಿದರೆ ಏನೂ ಆಗದು. ಇಪ್ಪತ್ತು ವರ್ಷ ಉಜ್ಜಿದ ಮೇಲೆ ಮೇಡಂ ಜಡೆ ಹಾಕಿಸಿಕೊಳ್ಳಲು ಮಗಳನ್ನು ಕರೆಯುತ್ತಾರೆ.

ಒಂದರಿಂದ ಮೂರನೇ ತರಗತಿಯ ನಲಿಕಲಿ ಕೋಣೆಗೆ ಬನ್ನಿ. 1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ಶುರುವಾಗಿ, 2009ರಿಂದ ರಾಜ್ಯಕ್ಕೆಲ್ಲ ಹಬ್ಬಿದ ಪದ್ಧತಿ. ಅದರ ಮೇಲೆ ದೂರಿಲ್ಲ. ಮಕ್ಕಳು ನಲಿಯುತ್ತವೆ, ಕಲಿಯುತ್ತವೆ. ಮಂಡಿಯನ್ನು ಮಾತ್ರ ಯಾರೂ ಕೇಳಿರಲಿಲ್ಲ. ಮಕ್ಕಳ ಗುಂಪಿಗೆ ಇಲ್ಲಿ ತಟ್ಟೆ ಎನ್ನುತ್ತಾರೆ; ಈ ತಟ್ಟೆಯಿಂದ ಆ ತಟ್ಟೆಗೆ ಹೋಗಿ ನೆಲದ ಮೇಲೆ ಕೂರಬೇಕು, ಏಳಬೇಕು. ಮಕ್ಕಳ ಎತ್ತರದ ಗೋಡೆ ಬೋರ್ಡಿಗೆ ನಡು ಬಗ್ಗಿಸಬೇಕು, ತಲೆಯ ಮೇಲಿನ ಚಪ್ಪರಕ್ಕೆ ಅವರ ಚಿತ್ರ ತೂಗುಹಾಕಲು ಕೈ ಚಾಚಬೇಕು. ಒಂದು ಮಗು ಕಾರ್ಡು ಹಿಡಿದು 'ಮಿಸ್, ಇದು' ಎಂದಾಗ ಕೂತು, ಇನ್ನೊಂದು 'ಮಿಸ್, ಒಂದಕ್ಕೆ' ಎಂದಾಗ ಎದ್ದು, ಮಧ್ಯಾಹ್ನದ ಹೊತ್ತಿಗೆ ಮಂಡಿ ಕಟಕಟ ಎನ್ನತೊಡಗುತ್ತದೆ. ಮಕ್ಕಳಿಗೆ ಕಲಿಕಾ ಏಣಿಯುಂಟು, ಮೆಟ್ಟಿಲು ಮೆಟ್ಟಿಲಾಗಿ ಮೇಲೆ ಹೋಗುತ್ತವೆ. ಐವತ್ತು ದಾಟಿದ ಮೇಡಂಗೆ ನೆಲದಿಂದ ಏಳಲು ಏಣಿಯಿಲ್ಲ. ಮೂರನೇ ಕ್ಲಾಸಿನ ಎರಡು ಮಕ್ಕಳು ಆಚೆಗೊಂದು ಈಚೆಗೊಂದು ಕೈ ಹಿಡಿದು ಎಬ್ಬಿಸುತ್ತವೆ.

ಮೊಟ್ಟೆಯ ವಿಷಯ ತಮಗೆ ಚೆನ್ನಾಗಿ ಗೊತ್ತು, ಅದರ ಲೆಕ್ಕವೆಲ್ಲ ತಮ್ಮ ತಮ್ಮಂದಿರಾದ ಬಿಸಿಯೂಟದ ರಿಜಿಸ್ಟರುಗಳಲ್ಲೇ ಇದೆ. 2024ರಿಂದ ಮಕ್ಕಳಿಗೆ ವಾರಕ್ಕೆ ಆರು ದಿನ ಮೊಟ್ಟೆ ಸಿಗುತ್ತಿದೆ. ತಿನ್ನುವ ಮಕ್ಕಳ ಮುಖ ನೋಡಿದರೆ ನಮಗೂ ಸಂತೋಷವೇ. ನೂರು ಮಕ್ಕಳ ಶಾಲೆಗೆ ದಿನಕ್ಕೆ ಮೂರಕ್ಕಿಂತ ಹೆಚ್ಚು ಟ್ರೇ ಬೇಕು. ಅಂಗಡಿಯವರು ಶಾಲೆಗೇ ತಂದುಕೊಟ್ಟರೆ ಸರಿ, ಇಲ್ಲದಿದ್ದರೆ ಹೆಡ್‌ಮಾಸ್ಟರ ಸ್ಕೂಟರೇ ಗತಿ. ಕಾಲಿನ ನಡುವೆ ಎರಡು ಟ್ರೇ, ಹಿಂದೆ ರಬ್ಬರು ಹಗ್ಗದಲ್ಲಿ ಬಿಗಿದ ಎರಡು ಟ್ರೇ, ಹೆಗಲಿಗೆ ತಿದ್ದಿದ ನೋಟ್‌ಬುಕ್ಕುಗಳ ಚೀಲ. ಅರಕಲಗೂಡಿನ ಆಚೆ ಹಳ್ಳಿ ರಸ್ತೆಗೆ ತಿರುಗಿದ ಮೇಲೆ ಹಂಪು ಸಿಕ್ಕಿದರೆ ಬೇರೆಯವರು ಸೀಟಿನಿಂದ ಅರ್ಧ ಎದ್ದು ದಾಟಿಸುತ್ತಾರೆ. ನಮ್ಮ ಹೆಡ್‌ಮಾಸ್ಟರು ಏಳುವಂತಿಲ್ಲ. ಟ್ರೇಯನ್ನು ಮೊಣಕಾಲಲ್ಲಿ ಒತ್ತಿಹಿಡಿದು, ಕದಲದೆ ಕೂತು, ಆ ಕುಲುಕಾಟವನ್ನೆಲ್ಲ ಬೆನ್ನಿಗೇ ತೆಗೆದುಕೊಳ್ಳಬೇಕು. ಮೊಟ್ಟೆ ಒಡೆದರೆ ಲೆಕ್ಕ ಕೊಡಬೇಕು. ಡಿಸ್ಕು ಜಾರಿದರೆ ಯಾರಿಗೂ ಲೆಕ್ಕ ಕೊಡಬೇಕಾಗಿಲ್ಲ.

'ದಸರಾ ರಜೆ, ಬೇಸಿಗೆ ರಜೆ, ನಿಮಗೇನು ಕಮ್ಮಿ' ಎನ್ನುವವರಿಗೆ 2025ರ ದಸರಾ ನೆನಪಿಸಬೇಕು. ಸೆಪ್ಟೆಂಬರ್ 22ರಿಂದ ಸಾಮಾಜಿಕ ಮತ್ತು ಶೈಕ್ಷಣಿಕ ಸಮೀಕ್ಷೆ: 60 ಪ್ರಶ್ನೆ, ಒಂದು ಆ್ಯಪು, ಮನೆ ಮನೆ. ಮುಗಿಯದಿದ್ದಾಗ ಶಾಲೆಯ ರಜೆಯನ್ನು ಅಕ್ಟೋಬರ್ 18ರವರೆಗೆ ಎಳೆದರು; ರಜೆ ಮಕ್ಕಳಿಗೆ, ನಡಿಗೆ ನಮಗೆ. ಚನ್ನರಾಯಪಟ್ಟಣದ ಕಡೆ ತೆಂಗಿನ ತೋಟದೊಳಗಿನ ಒಂಟಿ ಮನೆಗೆ ಹೋಗಬೇಕು, ನಾಯಿ ತಪ್ಪಿಸಿಕೊಳ್ಳಬೇಕು, ನೆಟ್‌ವರ್ಕಿಗೆ ತಾರಸಿ ಹತ್ತಬೇಕು, ಒಟಿಪಿ ಬರುವವರೆಗೆ ಫೋನಿಗೆ ತಲೆ ಬಗ್ಗಿಸಿ ಕಾಯಬೇಕು. 2009ರ ಶಿಕ್ಷಣ ಹಕ್ಕು ಕಾಯ್ದೆಯ 27ನೇ ಸೆಕ್ಷನ್ನು ಹತ್ತು ವರ್ಷದ ಜನಗಣತಿ, ವಿಪತ್ತು ಪರಿಹಾರ, ಚುನಾವಣೆ ಬಿಟ್ಟರೆ ಬೋಧನೆಯಲ್ಲದ ಕೆಲಸಕ್ಕೆ ಶಿಕ್ಷಕರನ್ನು ಹಚ್ಚಬಾರದು ಎನ್ನುತ್ತದೆ. ಈ ಸಮೀಕ್ಷೆ ಅದರೊಳಗೆ ಬರುತ್ತದೋ ಇಲ್ಲವೋ ವಕೀಲರು ನೋಡಿಕೊಳ್ಳಲಿ. ಮಂಡಿಗೆ ಸೆಕ್ಷನ್ನು ತಿಳಿಯದು, ಮೆಟ್ಟಿಲು ತಿಳಿಯುತ್ತದೆ.

ಬಗ್ಗಿದ ತಲೆಯ ವಿಷಯದಲ್ಲಿ ಒಂದು ತೂಕದ ಲೆಕ್ಕವೂ ಇದೆ. 2019ರಲ್ಲಿ ನಮ್ಮ ಸರ್ಕಾರ ಮಕ್ಕಳ ಬ್ಯಾಗಿಗೆ ಮಿತಿ ಹಾಕಿತು: ಒಂದು-ಎರಡನೇ ತರಗತಿಗೆ ಒಂದೂವರೆಯಿಂದ 2 ಕೆ.ಜಿ., ಒಂಬತ್ತು-ಹತ್ತಕ್ಕೆ 4ರಿಂದ 5 ಕೆ.ಜಿ. ಒಳ್ಳೆಯ ಆದೇಶ. ಮೇಷ್ಟ್ರ ಬ್ಯಾಗಿನ ಸುದ್ದಿ ಅದರಲ್ಲಿಲ್ಲ. ದೊಡ್ಡವರ ತಲೆಯೊಂದೇ ಸುಮಾರು 5 ಕೆ.ಜಿ. ತೂಗುತ್ತದೆ, ಹತ್ತನೇ ತರಗತಿಯ ಮಿತಿ ನಮಗೆ ಕತ್ತಿನ ಮೇಲೇ ಮುಗಿಯಿತು. ಆ ತಲೆಯನ್ನು ನೋಟ್ಸಿನ ಮೇಲೋ ಮೊಬೈಲಿನ ಮೇಲೋ ಬಗ್ಗಿಸಿದಷ್ಟೂ ಕತ್ತಿಗೆ ಬೀಳುವ ಭಾರ ಹೆಚ್ಚುತ್ತ ಹೋಗುತ್ತದೆ. ಅದಕ್ಕೆ ಮಿತಿ ಹಾಕುವ ಆದೇಶ ಇನ್ನೂ ಹೊರಟಿಲ್ಲ.

ಕೂರುವ ಹಕ್ಕು ಬೇರೆಯವರಿಗೆ ಉಂಟೇ ಎಂದು ಕಾನೂನು ಪುಸ್ತಕವನ್ನೂ ತೆರೆದು ನೋಡಿದೆ. ನಿಂತು ಕೆಲಸ ಮಾಡುವವರಿಗೆ ಸಂದು ಸಿಕ್ಕಾಗ ಕೂತು ಸುಧಾರಿಸಿಕೊಳ್ಳಲು ವ್ಯವಸ್ಥೆ ಇರಬೇಕು ಎಂದು 1948ರ ಕಾರ್ಖಾನೆಗಳ ಕಾಯ್ದೆಯ 44ನೇ ಸೆಕ್ಷನ್ನೇ ಹೇಳಿತ್ತು. ಕೋಳಿಕ್ಕೋಡಿನ ಬಟ್ಟೆ ಅಂಗಡಿಗಳ ಹೆಂಗಸರು ವರ್ಷಗಟ್ಟಲೆ ಹೋರಾಡಿ, 2018ರಲ್ಲಿ ಕೇರಳದ ಕಾನೂನಿಗೇ ಕುರ್ಚಿ ತಂದರು. 2021ರಲ್ಲಿ ತಮಿಳುನಾಡೂ ತಂದಿತು. ಶಾಲೆ ಕಾರ್ಖಾನೆಯಲ್ಲ, ಅಂಗಡಿಯೂ ಅಲ್ಲ. ಅದು ದೇಗುಲ ಎಂದು ಸೆಪ್ಟೆಂಬರ್ 5ರ ಶಿಕ್ಷಕರ ದಿನದಂದು ಭಾಷಣ ಮಾಡುತ್ತಾರೆ. ದೇಗುಲದಲ್ಲಿ ನಿಂತೇ ಕೈಮುಗಿಯಬೇಕು ತಾನೆ? ಆ ಭಾಷಣ ಮುಗಿಯುವವರೆಗೂ ನಾವು ಶಾಲು ಹೊದ್ದು, ಹಾರ ಹಾಕಿಸಿಕೊಂಡು ನಿಂತೇ ಇರುತ್ತೇವೆ.

ಮದ್ದಿಗೆ ಬರವಿಲ್ಲ. ಒಬ್ಬರ ಬ್ಯಾಗಿನಲ್ಲಿ ಬಾಮು, ಒಬ್ಬರ ಸೀರೆಯೊಳಗೆ ಬೆಲ್ಟು. ತಾಲ್ಲೂಕು ಮಟ್ಟದ ತರಬೇತಿಯಲ್ಲಿ, ಪ್ಲಾಸ್ಟಿಕ್ ಕುರ್ಚಿಯಲ್ಲಿ ದಿನವಿಡೀ ಕೂತು ಎಲ್ಲರೂ ಸೊಂಟ ಹಿಡಿದುಕೊಂಡು ಏಳುವಾಗ, ಹೊಳೆನರಸೀಪುರದ ಕಡೆಯ ಹಿರಿಯ ಮೇಷ್ಟ್ರೊಬ್ಬರು ಕೊಟ್ಟ ಸಲಹೆ: "ಕಾಲು ಮುಂದಾಗಿ ಹುಟ್ಟಿರೋರನ್ನ ಹುಡುಕಿ ತುಳಿಸ್ಕಳಿ ಮೇಡಂ, ಸರಿಹೋಯ್ತದೆ." ಮೂಳೆ ಡಾಕ್ಟರು ಎಕ್ಸ್‌ರೇ ಬೆಳಕಿಗೆ ಹಿಡಿದು ಹೇಳುವುದೇ ಬೇರೆ: ಬಹಳ ಹೊತ್ತು ನಿಲ್ಲಬೇಡಿ, ಬಹಳ ಹೊತ್ತು ಕೂರಬೇಡಿ, ಬಗ್ಗಬೇಡಿ, ಭಾರ ಎತ್ತಬೇಡಿ, ಸ್ಕೂಟರು ಬಿಡಿ. ಚೀಟಿಯಲ್ಲಿ ಅವರು ಬರೆದುಕೊಟ್ಟದ್ದು ಮದ್ದಲ್ಲ, ರಾಜೀನಾಮೆ. ಅತಿಥಿ ಶಿಕ್ಷಕಿಯಂತೂ ಆ ಚೀಟಿಯನ್ನು ಯಾರಿಗೂ ತೋರಿಸುವುದಿಲ್ಲ. ಮುಂದಿನ ವರ್ಷ ಕರೆಯದಿದ್ದರೆ? ಮನೆಗೆ ಹೋದರೆ ಮುದ್ದೆ ತಿರುವಲು ಅದೇ ಭುಜ, ಪಾತ್ರೆ ತೊಳೆಯಲು ಅದೇ ಸೊಂಟ. ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಲ್ಲಿ 2020ರಲ್ಲಿ ಜಗತ್ತಿನ 61.9 ಕೋಟಿ ಜನಕ್ಕೆ ಸೊಂಟನೋವಿತ್ತು. ಅಷ್ಟು ದೊಡ್ಡ ಸಂಖ್ಯೆ ಕೇಳಿದ ಮೇಲೂ ಅರಳಿಕಟ್ಟೆಯಲ್ಲಿ ಕೂತವರ ಪ್ರಶ್ನೆ ಒಂದೇ: "ನೆಳ್ಳಲ್ಲಿ ಪಾಠ ಹೇಳೋರಿಗೆ ಎಂತದ್ರಿ ಸೊಂಟನೋವು?"

2019ರಲ್ಲಿ ಎಸ್‌ಎಸ್‌ಎಲ್‌ಸಿ ಫಲಿತಾಂಶದಲ್ಲಿ ಹಾಸನ ರಾಜ್ಯಕ್ಕೇ ಮೊದಲು ಬಂತು. ಆ ಕೀರ್ತಿ ಯಾರಿಗೆ ಸಲ್ಲಬೇಕೆಂದು ದೊಡ್ಡವರ ನಡುವೆ ಪತ್ರಿಕೆಗಳಲ್ಲೇ ಮಾತು ನಡೆಯಿತು. ಬೆಳಿಗ್ಗೆ ಬೇಗ ಬಂದು, ಸಂಜೆ ತಡವಾಗಿ ಹೋಗಿ ವಿಶೇಷ ತರಗತಿ ನಡೆಸಿದ ಸೊಂಟಗಳು ಮಾತ್ರ ಅರ್ಜಿ ಹಾಕಲಿಲ್ಲ. ಮೌಲ್ಯಮಾಪನದ ಬೆಂಚಿನಿಂದ ಎದ್ದು ನೆಟ್ಟಗಾಗಲು ಅವಕ್ಕೆ ಇನ್ನೂ ಹೊತ್ತು ಬೇಕಿತ್ತು. 2024ರಲ್ಲಿ ವರ್ಷಕ್ಕೆ ಮೂರು ಪರೀಕ್ಷೆ ಬಂದವು. ಮಗುವಿಗೆ ಮೂರು ಅವಕಾಶ ಸಿಕ್ಕಿದ್ದು ಒಳ್ಳೆಯದೇ. ಸೊಂಟಕ್ಕೆ ಒಂದೂ ಇಲ್ಲ.

ಆದ್ದರಿಂದ ತಮ್ಮ ಮುಂದಿನ ಖಾಲಿ ಸಾಲಿನಲ್ಲಿ ನಮ್ಮನ್ನು ನಮೂದಿಸಿಕೊಳ್ಳಬೇಕಾಗಿ ವಿನಂತಿ. ದಾಖಲಾದ ಸಾಮಾನಿಗೆ ದುರಸ್ತಿಯ ಹಕ್ಕು ತಾನಾಗಿಯೇ ಬರುತ್ತದೆ. ಬೆಂಚಿಗೆ ಬಡಗಿ ಬರುವಂತೆ ನಮಗೆ ವರ್ಷಕ್ಕೊಮ್ಮೆ ತಾಲ್ಲೂಕು ಆಸ್ಪತ್ರೆಯಲ್ಲಿ ಫಿಸಿಯೊಥೆರಪಿಯವರು ಸಿಗಲಿ. ಕುಳ್ಳಗಿರುವವರಿಗೆ ಬೋರ್ಡಿನ ಕೆಳಗೆ ಒಂದು ಗಟ್ಟಿ ಹಲಗೆ ಬೇಕು, ಅದರ ಬೆಲೆ ಒಂದು ಡೆಸ್ಕಿಗಿಂತ ಕಮ್ಮಿ. ನಲಿಕಲಿ ಕೋಣೆಗೆ ಒಂದು ತಗ್ಗು ಮಣೆ ಸಾಕು. ಮೊಟ್ಟೆ ಶಾಲೆಯ ಬಾಗಿಲಿಗೆ ಬರಲಿ. ಪಾಠವಲ್ಲದ ಕೆಲಸ ಹೇರುವವರು ಮೊದಲು ತಮ್ಮಲ್ಲಿ ವಸ್ತುವಿನ ಈಗಿನ ಸ್ಥಿತಿ ನೋಡಿ ಹೇರಲಿ. ಇಷ್ಟಾದ ಮೇಲೂ ರಿಪೇರಿಯಾಗದೆ ಉಳಿದವರನ್ನು ಬಹಿರಂಗ ಹರಾಜಿಗೆ ಹಾಕಬಹುದು, ನಮ್ಮ ಅಭ್ಯಂತರವಿಲ್ಲ. ಸರ್ಕಾರಿ ಸವಾಲನ್ನು ಯಾರು ಕೂಗುತ್ತಾರೆ ಎಂದು ನೋಡುವ ಕುತೂಹಲ ನಮಗೂ ಇದೆ.



ತಮ್ಮ ವಿಶ್ವಾಸಿ,
ನಿಂತುಕೊಂಡೇ ಬರೆದ ಸಹಶಿಕ್ಷಕಿ

ಪ್ರತಿಗಳು:
1. ಭೇಟಿ ಪುಸ್ತಕದವರಿಗೆ, ಷರಾ ಬರೆಯುವ ಮುನ್ನ ಓದಿಕೊಳ್ಳಲು.
2. ಬಿಸಿಯೂಟದ ರಿಜಿಸ್ಟರಿನವರಿಗೆ, ಒಡೆದ ಮೊಟ್ಟೆಯ ಪಕ್ಕದಲ್ಲಿ ಜಾರಿದ ಡಿಸ್ಕಿಗೂ ಒಂದು ಕಾಲಂ ಎಳೆಯುವಂತೆ.
3. ತರಗತಿಯ ಕುರ್ಚಿಯವರಿಗೆ, ಕೂಡಲೇ ಕರ್ತವ್ಯಕ್ಕೆ ಹಾಜರಾಗುವಂತೆ ಸೂಚಿಸುತ್ತ.